ಸುಡದೆ ಬಿಟ್ಟ ಅಡ್ಡ ಎಳೆ

ಪ್ರೀತಿಯ ಮೊಂಡಿಗೆ,

ನೀನು ಕೇಳಿದ ಅಂಗಿ ಹೊಲಿದಾಯಿತು. ಇಸ್ತ್ರಿ ಮಾಡಿ, ಮಡಿಸಿ, ಕಂದು ಕಾಗದದ ಮೇಲೆ ಇಟ್ಟಿದ್ದೇನೆ. ಕಟ್ಟು ಮಾತ್ರ ಕಟ್ಟಿಲ್ಲ, ಈ ಪತ್ರವೂ ಅದರೊಳಗೆ ಹೋಗಬೇಕು. ಅಂಗಿಗೆ ಎರಡು ದಿನ ಹಿಡಿಯಿತು. ಪತ್ರಕ್ಕೆ ಇದು ನಾಲ್ಕನೆಯ ದಿನ. ಮೂರು ಸಲ ಬರೆದು ಹರಿದೆ. ಮೂರನ್ನೂ ಓದಿದವರಿಗೆ ನಾನೇ ಪಾಪದವಳು ಅನ್ನಿಸುವ ಹಾಗಿತ್ತು. ಹೊಲಿಗೆ ಕೆಟ್ಟ ಜಾಗವನ್ನು ಮಡಿಕೆಯೊಳಗೆ ಅಡಗಿಸುವುದು ನನಗೆ ರೂಢಿ, ಬರೆಯುವಾಗಲೂ ಕೈ ಅದನ್ನೇ ಮಾಡಿತು. ಈ ಸಲ ಹಾಗಾಗಬಾರದು ಅಂತ ಪೆನ್ಸಿಲ್ ಬಿಟ್ಟು ಪೆನ್ನು ಹಿಡಿದಿದ್ದೇನೆ.

ಹತ್ತು ದಿನದ ಹಿಂದೆ ನೀನು ಫೋನಿನಲ್ಲಿ ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. “ಅಕ್ಕ, ಇಪ್ಪತ್ತೈದನೇ ತಾರೀಕಿಂದ ಕೆಲ್ಸಕ್ಕೆ ಹೋಗ್ಬಹುದು ಅಂದ್ರು ಡಾಕ್ಟ್ರು. ಒಂದು ಅಂಗಿ ಹೊಲ್ಕೊಡು. ಆ ನೀಲಿ ಬಟ್ಟೆ ಉಳಿದಿದ್ರೆ ಅದ್ರಲ್ಲೇ ಹೊಲಿ. ತಪ್ಪು ಬಟ್ಟೇದಲ್ಲ, ನನ್ನ ಕೈದು.” ನಾನು ಹ್ಞೂಂ ಅಂದೆ. ಆಮೇಲೆ ಕುಕ್ಕರ್ ಕೂಗುತ್ತಿದೆ ಅಂತ ಹೇಳಿ ಫೋನ್ ಇಟ್ಟೆ. ಕುಕ್ಕರನ್ನು ನಾನಿನ್ನೂ ಒಲೆಯ ಮೇಲೇ ಇಟ್ಟಿರಲಿಲ್ಲ.

ಮೊಂಡಿ, ತಪ್ಪು ಬಟ್ಟೆಯದೇ. ಬಟ್ಟೆಗಿಂತ ಹೆಚ್ಚಾಗಿ ನನ್ನದು. ನಿನ್ನ ಕೈಯದು ಎಳ್ಳಷ್ಟೂ ಅಲ್ಲ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಮುಂದಿನದನ್ನು ಓದಲಾರದೆ ನೀನು ಪತ್ರ ಮುದುರಿ ಎಸೆದರೂ ಇಷ್ಟಾದರೂ ನಿನಗೆ ತಲುಪಿರಲಿ.

ಎದುರಿಗೆ ಬಂದು ಹೇಳಬೇಕಿತ್ತು, ಗೊತ್ತು. ಎರಡು ಬಸ್ಸು ಬದಲಾಯಿಸಿದರೆ ನಿಮ್ಮ ಮನೆ. ಆದರೆ ನಾನು ಬಂದು ಬಾಯಿ ತೆರೆದರೆ ನೀನು ಎರಡನೆಯ ಮಾತಿಗೇ “ಹೋಗ್ಲಿ ಬಿಡಕ್ಕ” ಅಂದುಬಿಡುತ್ತೀಯ. ಅಮ್ಮ ಒಳಗಿನಿಂದ ಟೀ ತರುತ್ತಾಳೆ. ನಾನು ಕಣ್ಣೊರೆಸಿಕೊಂಡು, ಟೀ ಕುಡಿದು, ಹಗುರಾಗಿ ಮನೆಗೆ ಬರುತ್ತೇನೆ. ಅಷ್ಟು ಸಲೀಸಾಗಿ ನನಗೆ ಬಿಡುಗಡೆ ಸಿಗಬಾರದು ಅಂತಲೇ ಬರೆಯುತ್ತಿದ್ದೇನೆ.

ನನ್ನ ಬಟ್ಟೆಯ ಹುಚ್ಚು ಹೇಗೆ ಶುರುವಾಯಿತು ಅಂತ ನಿನಗೆ ಹೇಳಬೇಕಾಗಿಲ್ಲ. ನೀನು ಚಿಕ್ಕವಳಿದ್ದಾಗ ನನ್ನ ಹಳೆಯ ಲಂಗಗಳನ್ನು ಬಿಚ್ಚಿ ನಿನ್ನ ಅಳತೆಗೆ ಹೊಲಿದು ಕೊಡುತ್ತಿದ್ದೆ. ಹೊಸದು ಕೊಡಿಸಿ ಅಂತ ನೀನು ಒಂದು ದಿನವೂ ಅತ್ತವಳಲ್ಲ. ಜೇಬು ಬೇಕು ಅಂತ ಮಾತ್ರ ಹಟ ಹಿಡಿಯುತ್ತಿದ್ದೆ. ಎಲ್ಲಾ ಲಂಗಕ್ಕೂ ಜೇಬು, ಎಲ್ಲಾ ಜೇಬಿನಲ್ಲೂ ಮೊಳೆ, ನಟ್ಟು, ತಂತಿಯ ಚೂರು. ಆಗಲೇ ನಿನಗೆ ಮೊಂಡಿ ಅಂತ ಹೆಸರಿಟ್ಟವಳು ನಾನು. ನೀನು ದೊಡ್ಡವಳಾಗಿ ಗೇಟು, ಕಂಬಿ ಮಾಡುವ ವರ್ಕ್‌ಶಾಪಿಗೆ ವೆಲ್ಡಿಂಗ್ ಕಲಿಯಲು ಸೇರಿದಾಗ ಅಮ್ಮ ಎರಡು ದಿನ ಮಾತು ಬಿಟ್ಟಳು. ನಾನು ನಿನ್ನ ಪರವಾಗಿ ನಿಂತೆ. ಆ ಹೆಮ್ಮೆಯೂ ನನಗಿದೆ ನೋಡು, ನಿನ್ನ ಧೈರ್ಯದಲ್ಲಿ ನನ್ನದೂ ಪಾಲಿದೆ ಅಂತ.

ಆಮೇಲೆ ಲೈಬ್ರರಿಯ ಮಹಡಿಯ ಮೇಲೆ ನನ್ನ ಶನಿವಾರದ ಹೊಲಿಗೆ ತರಗತಿ ಶುರುವಾಯಿತು. ಹನ್ನೊಂದು ಜನ ಹೆಂಗಸರು, ಆರು ಮಿಷನ್ನು, ಒಂದು ಕಪ್ಪು ಹಲಗೆ. ಮೊದಮೊದಲು ಬರೀ ಹೊಲಿಗೆ ಹೇಳಿಕೊಡುತ್ತಿದ್ದೆ. ಆಮೇಲೆ ಎಲ್ಲೋ ಓದಿದೆ, ಕಲ್ಲೆಣ್ಣೆಯಿಂದ ಮಾಡಿದ ಪಾಲಿಯೆಸ್ಟರಿನಂಥ ಬಟ್ಟೆಯನ್ನು ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ನಾರು ನೀರಿಗೆ ಸೇರುತ್ತದೆ ಅಂತ. ಒಂದೆರಡು ಸಲ ತೊಟ್ಟು ಎಸೆದ ಬಟ್ಟೆ ಗುಡ್ಡ ಗುಡ್ಡವಾಗಿ ಬಿದ್ದಿರುವ ಚಿತ್ರ ನೋಡಿದೆ. ನಿಜವಾಗಿಯೂ ಸಂಕಟವಾಯಿತು. ಆ ಸಂಕಟ ಸುಳ್ಳಲ್ಲ, ಇವತ್ತಿಗೂ ಇದೆ. ಭೂಮಿಗೆ ಭಾರವಾಗದ ಬಟ್ಟೆಯನ್ನು ಆರಿಸುವುದು ಹೇಗೆ ಅಂತ ಹೇಳಿಕೊಡಲು ಶುರುಮಾಡಿದೆ. ಮೊದಲು ಮನೆಯಲ್ಲಿರುವ ಹಳೆಯದನ್ನು ನೋಡಿ, ಆಮೇಲೆ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಮಿಕ್ಕ ಬಟ್ಟೆಯನ್ನು ಹುಡುಕಿ, ಅದೂ ಸಿಗದಿದ್ದರೆ ಮಾತ್ರ ಹೊಸದು, ಅದೂ ಹತ್ತಿ, ನಾರುಬಟ್ಟೆ, ಉಣ್ಣೆ ಅಂತ ಹಲಗೆಯ ಮೇಲೆ ಬರೆಯುತ್ತಿದ್ದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನಗೆ ಜಂಭ ಬಂತು. ಸಾಲಿನಲ್ಲಿ ಮುಂದೆ ನಿಂತವರ ಕಾಲರಿನೊಳಗಿನ ಚೀಟಿ ಓದಲು ಕತ್ತು ಉದ್ದ ಮಾಡುವವಳಾದೆ. ಪಕ್ಕದ ಮನೆಯವರು ಹೊಸ ಬಟ್ಟೆ ತೋರಿಸಿದರೆ ಚೆನ್ನಾಗಿದೆ ಅನ್ನುವ ಮೊದಲು ಯಾತರದ್ದು ಅಂತ ಕೇಳುತ್ತಿದ್ದೆ. ಇವಳ ಮುಂದೆ ಬಟ್ಟೆ ಹಾಕಿಕೊಂಡು ಬರುವುದಕ್ಕೇ ಭಯವಾಗುತ್ತದೆ ಅಂತ ಅಮ್ಮ ಗೊಣಗುತ್ತಿದ್ದಳು. ನೀನು ನಗುತ್ತಾ ಅಂದಿದ್ದೆ, “ಅಕ್ಕ, ನೀನು ಮನುಷ್ಯರ ಮುಖ ನೋಡೋದೇ ಬಿಟ್ಟಿದೀಯ, ಬರೀ ಚೀಟಿ ಓದ್ತೀಯ.” ನಾನೂ ನಕ್ಕೆ. ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಈಗ ನಿನ್ನ ಖಾಕಿ ಅಂಗಿಯ ವಿಷಯ.

ವರ್ಕ್‌ಶಾಪಿಗೆ ಸೇರಿದಾಗ ನಿಮ್ಮ ಮೇಸ್ತ್ರಿ ಕೊಟ್ಟಿದ್ದ ಅಂಗಿ. ನೀನು ಅದನ್ನು ಆರು ವರ್ಷ ತೊಟ್ಟಿದ್ದೆ. ದಪ್ಪ ಬಟ್ಟೆ, ಒಗೆದು ಒಗೆದು ಬಣ್ಣ ಬಿಟ್ಟಿತ್ತು. ತೋಳಿನ ಮೇಲೆ, ಭುಜದ ಮೇಲೆ ಸೂಜಿಮೊನೆಯಷ್ಟು ಸಣ್ಣ ತೂತುಗಳು. ಕಿಟಕಿಗೆ ಹಿಡಿದರೆ ಬೆಳಕು ಚುಕ್ಕಿ ಚುಕ್ಕಿಯಾಗಿ ಬರುತ್ತಿತ್ತು. ಇದೇನೇ ಇದು, ಸೊಳ್ಳೆಪರದೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೀಯಾ ಅಂತ ನಾನು ಆಡಿಕೊಂಡೆ. ನನ್ನ ತಂಗಿ ಅಂದಮೇಲೆ ನೋಡಿದವರು ನನ್ನನ್ನು ಏನಂದುಕೊಳ್ಳುತ್ತಾರೆ ಅಂದೆ. “ಇರ್ಲಿ ಬಿಡಕ್ಕ, ಇದಕ್ಕೆ ನನ್ನ ಮೈ ಗೊತ್ತು” ಅಂದೆ ನೀನು. ನಾನು ಬಿಡಲಿಲ್ಲ. ಹೊಸದು ಹೊಲಿದು ಕೊಟ್ಟ ದಿನವೇ ಅದನ್ನು ಕಿತ್ತುಕೊಂಡು ಹೋಗಿ, ಚೌಕ ಚೌಕವಾಗಿ ಕತ್ತರಿಸಿ, ತರಗತಿಯಲ್ಲಿ ಹಳೆಯ ಬಟ್ಟೆಯಿಂದ ದಿಂಬಿನ ಕವರು ಮಾಡುವುದು ಹೇಗೆ ಅಂತ ತೋರಿಸಿದೆ. ಮನೆಯಲ್ಲಿರುವ ಹಳೆಯದನ್ನು ಮೊದಲು ಬಳಸಿ ಅಂತ ಹಲಗೆಯ ಮೇಲೆ ಬರೆಯುವವಳು, ಇನ್ನೂ ಕೆಲಸ ಮಾಡುತ್ತಿದ್ದ ಅಂಗಿಯನ್ನು ನಿನ್ನ ಮೈಮೇಲಿಂದ ತೆಗೆಸಿ ದಿಂಬಿಗೆ ಹಾಕಿದೆ. ಆ ತೂತುಗಳನ್ನು ನಾನು ಬಟ್ಟೆ ಜೀರ್ಣವಾದ ಗುರುತು ಅಂದುಕೊಂಡಿದ್ದೆ. ಒಂದೊಂದು ತೂತೂ ಅಂಗಿಯಲ್ಲೇ ಆರಿಹೋಗಿ ನಿನ್ನ ಮೈ ಮುಟ್ಟದ ಒಂದೊಂದು ಕಿಡಿ. ಇದು ಅರ್ಥವಾಗಲು ನನಗೆ ಆಸ್ಪತ್ರೆಯ ಬೆಂಚೇ ಬೇಕಾಯಿತು.

ನೀಲಿ ಬಟ್ಟೆ ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಹಿಂದಿನ ಬಟ್ಟೆ ಅಂಗಡಿಯಲ್ಲಿ. ಕಾರ್ಖಾನೆಯಲ್ಲಿ ಮಿಕ್ಕಿದ್ದು, ಇಡೀ ಥಾನು. ಇಂಥ ಬಟ್ಟೆಗೆ ಚೀಟಿ ಇರುವುದಿಲ್ಲ. ಯಾತರದ್ದು ಅಂತ ಅಂಗಡಿಯವರಿಗೂ ಗೊತ್ತಿರಲಿಲ್ಲ. ಹತ್ತಿಯೇ ಇರಬೇಕಮ್ಮ, ಖಾತ್ರಿ ಕೊಡಲಾರೆ ಅಂದರು ಆ ಪುಣ್ಯಾತ್ಮರು, ಅವರ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ. ಹೊರಗೆ ಗಾಢ ನೀಲಿ, ಒಳಗೆ ಬೂದು. ಹೊರಗೆ ಗಟ್ಟಿ, ಒಳಗೆ ನುಣುಪು. ಕೈಯಾಡಿಸಿದ ಕೂಡಲೇ ನಿನ್ನ ನೆನಪಾಯಿತು. ದಿನವಿಡೀ ಕಬ್ಬಿಣದ ಜೊತೆ ಇರುವವಳಿಗೆ ಒಳಗಡೆಯಾದರೂ ನುಣ್ಣಗಿರಲಿ ಅಂದುಕೊಂಡೆ.

ಚೀಟಿ ಇಲ್ಲದ ಬಟ್ಟೆಯನ್ನು ಸುಟ್ಟು ನೋಡಬೇಕು. ತರಗತಿಯಲ್ಲಿ ನಾನು ಹೇಳಿಕೊಡುವ ಮೊದಲ ಪಾಠವೇ ಅದು. ಒಂದು ಎಳೆ ತೆಗೆದು ಚಿಮುಟದಲ್ಲಿ ಹಿಡಿದು ಬೆಂಕಿಗೆ ಒಡ್ಡಿದರೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪ್ಲಾಸ್ಟಿಕ್ ಆದರೆ ಕುಗ್ಗಿ, ಕರಗಿ, ತುದಿಯಲ್ಲಿ ಗಟ್ಟಿ ಕರಿ ಮಣಿಯಾಗುತ್ತದೆ. ಉದ್ದದ ಎಳೆ ಒಂದು, ಅಡ್ಡದ ಎಳೆ ಒಂದು, ಎರಡನ್ನೂ ಸುಡಬೇಕು, ಯಾಕೆಂದರೆ ಎರಡೂ ಬೇರೆ ಬೇರೆಯಾಗಿರಬಹುದು. ಇದನ್ನು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಬೇರೆ ಎಳೆಯುತ್ತೇನೆ.

ಆ ದಿನ ನಾನು ಉದ್ದದ್ದನ್ನು ಮಾತ್ರ ಸುಟ್ಟೆ. ಥಾನು ಕತ್ತರಿಸಿದ ತುದಿಯಲ್ಲಿ ನೀಲಿ ಎಳೆಗಳು ಜೂಲು ಜೂಲಾಗಿ ನೇತಾಡುತ್ತಿದ್ದವು, ಕೈಗೆ ಸಿಕ್ಕಿದ್ದು ಅವೇ. ಒಂದು ಚಿಟಿಕೆ ಕತ್ತರಿಸಿ ಒಲೆಯ ಉರಿಗೆ ಹಿಡಿದೆ. ಕಾಗದ ಸುಟ್ಟ ವಾಸನೆ ಬಂತು. ಬೂದಿ ಉದುರಿತು. ಬೂದು ಬಣ್ಣದ ಅಡ್ಡ ಎಳೆಯನ್ನು ಎಳೆದು ತೆಗೆಯಲು ಇನ್ನೊಂದು ನಿಮಿಷ ಬೇಕಿತ್ತು, ಅಷ್ಟೇ. ಬಟ್ಟೆ ನನಗೆ ಅಷ್ಟರಲ್ಲಾಗಲೇ ಇಷ್ಟವಾಗಿಬಿಟ್ಟಿತ್ತು. ಇಷ್ಟವಾದದ್ದರ ಮೇಲೆ ಅನುಮಾನ ಪಡುವ ಮನಸ್ಸು ಬರಲಿಲ್ಲ. ಒಳಗಡೆಯ ಆ ನುಣುಪು ಎಲ್ಲಿಂದ ಬಂತು ಅಂತ ಕೂಡ ಕೇಳಿಕೊಳ್ಳಲಿಲ್ಲ.

ಅಂಗಿ ತೊಟ್ಟು, ಮುಖವಾಡ ಮೇಲೆತ್ತಿಕೊಂಡು, ಕೈಯಲ್ಲಿ ವೆಲ್ಡಿಂಗ್ ಟಾರ್ಚು ಹಿಡಿದು ನೀನು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿಸಿ ತರಗತಿಯ ಹಲಗೆಯ ಪಕ್ಕ ಅಂಟಿಸಿದೆ. ನೋಡಿ, ಬೆಂಕಿಯ ಮುಂದೆ ಕೆಲಸ ಮಾಡುವವಳಿಗೂ ಒಗ್ಗುವ ಬಟ್ಟೆ, ಕಾರ್ಖಾನೆ ಬೇಡವೆಂದು ಬಿಟ್ಟದ್ದು, ಅಪ್ಪಟ ಹತ್ತಿ ಅಂತ ಕೊಚ್ಚಿಕೊಂಡೆ. ಆ ಥಾನಿನಿಂದ ಹನ್ನೊಂದು ಜನರೂ ಒಂದೊಂದು ತುಂಡು ತೆಗೆದುಕೊಂಡರು.

ಇಲ್ಲಿಯವರೆಗೆ ಮಾಡಿದ್ದು ಉದಾಸೀನ. ಉದಾಸೀನ ಯಾರಿಂದಲೂ ಆಗುತ್ತದೆ, ನೀನು ಕ್ಷಮಿಸಿಯೂ ಬಿಡುತ್ತೀಯ. ಮುಂದಿನದು ಹಾಗಲ್ಲ.

ತರಗತಿಗೆ ಒಬ್ಬರು ಬರುತ್ತಾರೆ, ಶಾಲೆಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಜೀವ. ಒಂದು ಶನಿವಾರ ಅವರು ಅಭ್ಯಾಸಕ್ಕೆಂದು ಆ ನೀಲಿ ಬಟ್ಟೆಯ ಉದ್ದದ ಎಳೆ ಸುಟ್ಟರು, ಆಮೇಲೆ ಅಡ್ಡದ್ದನ್ನೂ ಸುಟ್ಟರು. ಅಡ್ಡದ್ದು ಸುರುಟಿಕೊಂಡು, ಕರಗಿ, ಮಣಿಯಾಯಿತು. ಅವರು ಕನ್ನಡಕ ಸರಿಮಾಡಿಕೊಂಡು ಮೆಲ್ಲಗೆ ಕೇಳಿದರು, “ಇದು ಗಟ್ಟಿಯಾಯ್ತಲ್ಲ ಮೇಡಂ, ಯಾಕೆ?”

ಎಲ್ಲರೂ ಮಿಷನ್ ನಿಲ್ಲಿಸಿ ನನ್ನ ಕಡೆ ನೋಡಿದರು. ಅವರ ಹಿಂದೆ ಗೋಡೆಯ ಮೇಲೆ ನೀನು ನಗುತ್ತಿದ್ದೆ. ನಾನು ಒಂದು ಉಸಿರೂ ತಡೆಯದೆ ಅಂದೆ, “ಅದು ಬಟ್ಟೆಗೆ ಹಾಕಿರೋ ಗಂಜಿ. ಒಗೆದ್ರೆ ಹೋಗತ್ತೆ.”

ಸುಳ್ಳು ಅಷ್ಟು ಸರಾಗವಾಗಿ ಬಂದದ್ದು ನೋಡಿ ನನಗೇ ಗಾಬರಿಯಾಯಿತು. ಅವರು ತಲೆಯಾಡಿಸಿ ಪುಸ್ತಕದಲ್ಲಿ ಗಂಜಿ ಅಂತ ಬರೆದುಕೊಂಡರು.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಹೋಗಿ ಸುಟ್ಟು ನೋಡಿದೆ. ಮಣಿ. ಬಟ್ಟೆಯನ್ನು ಒಗೆದು ಒಣಗಿಸಿ ಮಾರನೆಯ ದಿನ ಮತ್ತೆ ಸುಟ್ಟೆ. ಮಣಿ. ಉಗುರಿನಿಂದ ಒತ್ತಿದರೂ ಪುಡಿಯಾಗದ ಮಣಿ. ಉದ್ದದ ಎಳೆ ಹತ್ತಿ, ಅಡ್ಡದ ಎಳೆ ಪ್ಲಾಸ್ಟಿಕ್ಕು. ಆ ನೇಯ್ಗೆಯಲ್ಲಿ ಉದ್ದದ್ದು ಹೊರಗೆ ಕಾಣುತ್ತದೆ, ಅಡ್ಡದ್ದು ಒಳಮೈಗೆ ಬರುತ್ತದೆ. ಅಂದರೆ ನಿನ್ನ ಮೈಗೆ ತಾಗುತ್ತಿದ್ದದ್ದು ಅದೇ. ಹತ್ತಿಗೆ ಕಿಡಿ ಬಿದ್ದರೆ ಅಷ್ಟು ಜಾಗ ಸುಟ್ಟು ತೂತಾಗುತ್ತದೆ. ಇದು ಕರಗಿ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ. ನನಗೆ ಇದು ಗೊತ್ತಿತ್ತು, ಮೊಂಡಿ. ಇಂಥದ್ದನ್ನು ಬೇರೆಯವರಿಗೆ ಹೇಳಿಕೊಡುವುದೇ ನನ್ನ ಕೆಲಸ.

ಆ ಶನಿವಾರದಿಂದ ನಿನ್ನ ಭುಜ ಸುಟ್ಟ ದಿನದವರೆಗೆ ಹದಿನೇಳು ದಿನ.

ಹದಿನೇಳು ದಿನ ನಾನು ಏನು ಮಾಡುತ್ತಿದ್ದೆ ಅಂತ ನೀನು ಕೇಳುವ ಮೊದಲೇ ಹೇಳುತ್ತೇನೆ. ಮೊದಲ ದಿನ ನಿನಗೆ ಮೆಸೇಜು ಬರೆದೆ, ಆ ಅಂಗಿ ಹಾಕಬೇಡ ಅಂತ. ಯಾಕೆ ಅಂತ ಕೇಳುತ್ತೀಯಲ್ಲ ಅನ್ನಿಸಿ ಅಳಿಸಿದೆ. ಭಾನುವಾರ ನೀನು ಮನೆಗೆ ಬಂದಾಗ ಹೇಳೋಣ ಅಂದುಕೊಂಡೆ. ನೀನು ಬಂದೆ, ಊಟ ಮಾಡಿದೆ, ನನ್ನ ಮಿಷನ್ನಿನ ಪೆಡಲಿನ ಕೀರಲು ಸದ್ದಿಗೆ ಎಣ್ಣೆ ಬಿಟ್ಟು ಸರಿಮಾಡಿಕೊಟ್ಟೆ, ಹೋದೆ. ನಾನು ಹೇಳಲಿಲ್ಲ. ಇನ್ನೊಂದು ಅಂಗಿ ಹೊಲಿದು, ಅದನ್ನು ಕೊಟ್ಟು, ಇದನ್ನು ಸುಮ್ಮನೆ ವಾಪಸ್ಸು ತಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಒಂದು ದಾರಿ ಹುಡುಕಿದೆ. ಅದಕ್ಕೂ ಬಟ್ಟೆ ತರಬೇಕಿತ್ತು, ನಾಳೆ ತಂದರಾಯಿತು ಅಂದುಕೊಂಡೆ. ನಿನ್ನ ಖಾಕಿ ಅಂಗಿ ಇದ್ದಿದ್ದರೆ ಅವತ್ತೇ ಅದನ್ನು ಹಾಕಿಕೋ ಅನ್ನಬಹುದಿತ್ತು. ಅದು ದಿಂಬಿನ ಕವರಾಗಿತ್ತು. ಇಷ್ಟರ ಮೇಲೆ, ಇಷ್ಟು ದಿನ ಏನೂ ಆಗಿಲ್ಲವಲ್ಲ, ಮೇಲೆ ತೊಗಲಿನ ಏಪ್ರನ್ ಇದೆಯಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಳಗಿನ ಮಾತು ಒಂದೇ. ಹನ್ನೊಂದು ಹೆಂಗಸರ ಮುಂದೆ, ನಿನ್ನ ಮುಂದೆ, ನಾನು ತಪ್ಪಿದೆ ಅಂತ ಒಪ್ಪಿಕೊಳ್ಳಲು ನನಗೆ ಆಗಲಿಲ್ಲ. ನಿನ್ನ ಮೈಗಿಂತ ನನ್ನ ಮುಖ ದೊಡ್ಡದಾಯಿತು.

ಆಮೇಲಿನದು ನಿನಗೆ ಗೊತ್ತು. ಮಹಡಿ ಮೆಟ್ಟಿಲ ಕಂಬಿ, ತಲೆಯ ಮೇಲಿನ ಕೆಲಸ, ಮೇಲಿಂದ ಬಿದ್ದ ಒಂದು ಕಿಡಿ. ಎಡಭುಜದ ಹಿಂದೆ, ಏಪ್ರನ್ನಿನ ಪಟ್ಟಿ ಮುಗಿಯುವ ಜಾಗ. ನಿನಗೆ ಗೊತ್ತಿಲ್ಲದ್ದು, ನರ್ಸು ಬಟ್ಟೆ ಬಿಡಿಸುವಾಗ ನಾನು ಪರದೆಯ ಈಚೆ ನಿಂತು ಕೇಳಿಸಿಕೊಂಡದ್ದು. ಬಟ್ಟೆ ಅಂಟಿಕೊಂಡಿದೆ, ಅದಕ್ಕೇ ಇಷ್ಟು ಆಳಕ್ಕೆ ಹೋಗಿದೆ, ಯಾವ ಬಟ್ಟೆಯಮ್ಮ ಇದು ಅಂತ ಅವರು ಕೇಳಿದರು. ನೀನು ಹಲ್ಲು ಕಚ್ಚಿಕೊಂಡು ಉತ್ತರ ಕೊಟ್ಟೆ.

“ಅಪ್ಪಟ ಹತ್ತಿ. ನಮ್ಮಕ್ಕ ಹೊಲಿದಿದ್ದು. ನಮ್ಮಕ್ಕ ಸುಟ್ಟು ನೋಡ್ದೆ ಯಾವ ಬಟ್ಟೇನೂ ಮುಟ್ಟಲ್ಲ.”

ಆ ನೋವಿನಲ್ಲೂ ನಿನ್ನ ಧ್ವನಿಯಲ್ಲಿ ಹೆಮ್ಮೆ ಇತ್ತು. ನರ್ಸು ಪರದೆ ಸರಿಸಿ ನನ್ನ ಮುಖ ನೋಡಿದರು. ಅವರಿಗೆ ಅನುಮಾನ ಬಂದಿತ್ತು ಅಂತ ಕಾಣುತ್ತದೆ. ನಾನು ಬಾಯಿ ಬಿಡಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಅಲ್ಲಿಗೂ ಮುಗಿಯಲಿಲ್ಲ. ಅಮ್ಮ ಬಂದು ನಿನ್ನನ್ನೇ ಬೈದಳು. ಹೆಣ್ಣಾಗಿ ಬೆಂಕಿಯ ಕೆಲಸಕ್ಕೆ ಯಾಕೆ ಹೋಗಬೇಕಿತ್ತು, ಹೇಳಿದ ಮಾತು ಕೇಳುವ ಜಾತಿಯಲ್ಲ ಇದು ಅಂತ. ನೀನು ಕಣ್ಣು ಮುಚ್ಚಿಕೊಂಡು ಬೈಸಿಕೊಂಡೆ. ಮೊಂಡಿ ಅನ್ನಿಸಿಕೊಂಡವಳು ಒಂದು ಮಾತೂ ಎದುರಾಡಲಿಲ್ಲ. ನಾನು ಕಾಲ ಬಳಿ ನಿಂತು ನಿನ್ನ ಹೊದಿಕೆ ಸರಿಮಾಡುತ್ತಿದ್ದೆ. ತೊಡೆಯ ಚರ್ಮ ತೆಗೆದು ಭುಜಕ್ಕೆ ಹಾಕಿದರು. ಅಷ್ಟು ದಿನವೂ ನಾನು ತಪ್ಪದೆ ಊಟ ತಂದೆ, ನಿನ್ನ ತಲೆ ಬಾಚಿದೆ, ಮುಂದೆ ಗುಂಡಿ ಇರುವ ಸಡಿಲ ಅಂಗಿ ನಾಲ್ಕು ಹೊಲಿದೆ. ಎಂಥಾ ಅಕ್ಕ ಅಂತ ಪಕ್ಕದ ಹಾಸಿಗೆಯವರು ಹೊಗಳಿದರು. ಆ ಹೊಗಳಿಕೆಯನ್ನೂ ನಾನು ಬೇಡ ಅನ್ನಲಿಲ್ಲ.

ಇಷ್ಟರಲ್ಲಿ ನನ್ನನ್ನು ಹೆಚ್ಚು ಕೊರೆದದ್ದು ನಿನ್ನ ಭುಜವೂ ಅಲ್ಲ, ಆಮೇಲೆ ಒಂದು ಸಂಜೆ ನೀನು ಆಡಿದ ಮಾತು. ಇನ್ನು ಮೇಲೆ ಎತ್ತರದ ಕೆಲಸ ಬೇಡ, ಕೆಳಗೆ ಕೂತು ಬಣ್ಣ ಹಚ್ಚು, ಮೊದಲಿನ ನಿಗಾ ಇಲ್ಲ ನಿನಗೆ ಅಂತ ಮೇಸ್ತ್ರಿ ಹೇಳಿದರು ಅಂದೆ. ಆಮೇಲೆ ಬಲಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಾ ಅಂದೆ, “ಅವ್ರು ಹೇಳೋದು ಸರೀನೇ ಅಕ್ಕ. ಆರು ವರ್ಷದಿಂದ ಕಿಡಿ ಬೀಳ್ತಾನೇ ಇದೆ, ಯಾವತ್ತೂ ಹೀಗಾಗಿರ್ಲಿಲ್ಲ. ಏನೋ ತಪ್ಪು ಮಾಡಿದೀನಿ. ಏನು ಅಂತ ನೆನಪೇ ಆಗ್ತಿಲ್ಲ. ನನ್ನ ಕೈ ಮೇಲೆ ನಂಗೇ ನಂಬಿಕೆ ಹೋಗಿದೆ.”

ನೀನು ಮಾಡದ ತಪ್ಪನ್ನು ಹುಡುಕುತ್ತಾ ಕೂತಿದ್ದೆ. ಅದು ನನ್ನ ಹತ್ತಿರ ಇತ್ತು. ಆಗಲೂ ನಾನು ಹೇಳಿದ್ದು ಎಲ್ಲಾ ಸರಿಹೋಗುತ್ತದೆ ಅಂತ.

ಅದಾದ ಮೇಲೆ ಬಂದದ್ದು ಆ ಫೋನು, ಅದೇ ನೀಲಿ ಬಟ್ಟೆ ಬೇಕು ಅಂತ. ಥಾನಿನಲ್ಲಿ ಇನ್ನೂ ಎರಡು ಮೀಟರ್ ಉಳಿದಿತ್ತು. ಹೇಳುವುದಿಲ್ಲ ಅಂದರೆ ಅದರಲ್ಲೇ ಹೊಲಿದು ಕೊಡಬೇಕು, ಇಲ್ಲವೇ ಇನ್ನೊಂದು ಸುಳ್ಳು ಹೇಳಿ ಬೇರೆಯದರಲ್ಲಿ ಹೊಲಿಯಬೇಕು. ಬೇರೆಯದರಲ್ಲಿ ಹೊಲಿದರೆ ನಿನ್ನ ಮೈಯೇನೋ ಉಳಿಯುತ್ತದೆ, ನಿನ್ನ ಕೈ ಮಾತ್ರ ನೀನು ಬದುಕಿರುವವರೆಗೂ ನಡುಗುತ್ತಲೇ ಇರುತ್ತದೆ. ಅಲ್ಲಿಗೆ ನನ್ನ ದಾರಿಗಳೆಲ್ಲ ಮುಗಿದವು.

ಹಾಗಂತ ನೇರವಾಗಿ ನಿನ್ನ ಹತ್ತಿರ ಬಂದೆನಾ? ಇಲ್ಲ. ನಿಮ್ಮ ವರ್ಕ್‌ಶಾಪಿಗೆ ಹೋದೆ. ಗುರುತಿಲ್ಲದವರ ಮುಂದೆ ಮರ್ಯಾದೆ ಕಳೆದುಕೊಳ್ಳುವುದು ಸುಲಭ. ಮೇಸ್ತ್ರಿ ಒಂದು ಗೇಟಿನ ಮೂಲೆ ಅಳೆಯುತ್ತಿದ್ದರು. ಅವರ ಲೈಟರನ್ನೇ ಇಸಿದುಕೊಂಡು ಎರಡು ಎಳೆ ಸುಟ್ಟು ತೋರಿಸಿದೆ, ನಡೆದದ್ದೆಲ್ಲ ಹೇಳಿದೆ, ಅವಳ ಕೈ ತಪ್ಪಿಲ್ಲ, ಎತ್ತರದ ಕೆಲಸ ಅವಳಿಗೇ ಕೊಡಿ ಅಂತ ಬೇಡಿಕೊಂಡೆ. ಅವರು ಆ ಮಣಿಯನ್ನು ಬೆರಳಿನಲ್ಲಿ ಹೊರಳಿಸಿ ನೋಡಿದರು. ಅವರ ಮುಖ ಕೆಂಪಾಗಿತ್ತು. ಬಟ್ಟೆ ಯಾವುದು ಅಂತ ನಾನೂ ನೋಡಬೇಕಿತ್ತು ಅಂದರು. ಆಮೇಲೆ ಕೇಳಿದರು, “ಇದನ್ನ ಅವಳಿಗೆ ಹೇಳಿದೀರಾ?” ಇಲ್ಲ ಅಂದೆ. “ಮೊದ್ಲು ಅವಳಿಗೆ ಹೇಳಿ. ನಾನು ಹೇಳೋ ಮಾತಲ್ಲ ಇದು. ಅವಳು ಬರ್ಲಿ, ಮೇಲಿನ ಕೆಲ್ಸ ಹಾಗೇ ಇಟ್ಟಿರ್ತೀನಿ” ಅಂದು ಮತ್ತೆ ಟೇಪು ಹಿಡಿದು ಗೇಟಿನ ಕಡೆ ತಿರುಗಿದರು.

ಮೊನ್ನೆ ಶನಿವಾರ ತರಗತಿಯಲ್ಲೂ ಹೇಳಿದೆ. ಅಂದು ಗಂಜಿ ಅಂದದ್ದು ಸುಳ್ಳು ಅಂದೆ. ಆ ಬಟ್ಟೆಯನ್ನು ಚೀಲಕ್ಕೆ ಬೇಕಾದರೆ ಬಳಸಿ, ಒಲೆಯ ಮುಂದೆ ನಿಲ್ಲುವವರು ಮೈಮೇಲೆ ಹಾಕಬೇಡಿ ಅಂದೆ. ಮೂರು ಜನ ಅದರಲ್ಲೇ ಅಡುಗೆಯ ಏಪ್ರನ್ ಹೊಲಿದಿದ್ದರು. ಅವರು ನನ್ನನ್ನು ನೋಡಿದ ರೀತಿಯನ್ನು ನಾನು ಬರೆಯಲಾರೆ. ಪ್ರಯೋಗಶಾಲೆಯವರು ಮಾತ್ರ ಪುಸ್ತಕ ತೆಗೆದು ಗಂಜಿ ಅನ್ನುವುದನ್ನು ಹೊಡೆದುಹಾಕಿದರು. ನಿನ್ನ ಫೋಟೋ ತೆಗೆದು ಮನೆಗೆ ತಂದಿದ್ದೇನೆ. ನಿನ್ನನ್ನು ಕೇಳದೆ ಇನ್ನೆಲ್ಲೂ ಹಚ್ಚುವುದಿಲ್ಲ.

ಈಗ ಅಂಗಿಯ ವಿಷಯ. ದಪ್ಪ ಹತ್ತಿ, ಬಣ್ಣ ಹಾಕದ್ದು, ಮಾಸಲು ಬಿಳುಪು. ಹೊಸದೇ ಕೊಂಡೆ. ಮಿಕ್ಕದ್ದು, ಉಳಿದದ್ದು ಅಂತ ಹುಡುಕಲು ಹೋಗಲಿಲ್ಲ. ಭೂಮಿಯ ಲೆಕ್ಕದಲ್ಲಿ ಇದು ಎಷ್ಟು ಒಳ್ಳೆಯದು ಅಂತ ನನಗೆ ಖಚಿತವಿಲ್ಲ, ಹತ್ತಿಯೂ ಬಹಳ ನೀರು ಕುಡಿಯುತ್ತದೆ. ಹರಿಯುವವರೆಗೂ ತೊಟ್ಟರೆ ಸರಿಹೋಗಬಹುದು. ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ ಅಂತ ಬಿಸಿನೀರಿನಲ್ಲಿ ಎರಡು ಸಲ ಒಗೆದು ಆಮೇಲೆ ಕತ್ತರಿಸಿದ್ದೇನೆ. ಹೊಲಿದ ದಾರವೂ ಹತ್ತಿಯದೇ. ನಾನು ಯಾವಾಗಲೂ ಬಳಸುವ ದಾರವನ್ನು ಸುಟ್ಟು ನೋಡಿದರೆ ಅದೂ ಮಣಿಯಾಯಿತು, ಇಷ್ಟು ವರ್ಷದಲ್ಲಿ ಅದನ್ನು ನೋಡಬೇಕೆಂದೇ ಹೊಳೆದಿರಲಿಲ್ಲ. ಗುಂಡಿ ಹಿತ್ತಾಳೆಯದು, ಮೇಲೊಂದು ಪಟ್ಟಿ ಮುಚ್ಚುತ್ತದೆ, ಬಿಸಿ ತಾಗುವುದಿಲ್ಲ. ಎಡಭುಜದ ಒಳಗೆ ಹೊಲಿಗೆಯ ಗಂಟು ಬರದ ಹಾಗೆ ತಿರುಗಿಸಿದ್ದೇನೆ, ಹೊಸ ಚರ್ಮಕ್ಕೆ ಒತ್ತಬಾರದು ಅಂತ. ಮೊದಮೊದಲು ಗಡುಸು ಅನ್ನಿಸುತ್ತದೆ. ಒಗೆದಂತೆ ನಿನ್ನ ಮೈ ಕಲಿಯುತ್ತದೆ.

ದಿಂಬಿನ ಕವರು ಬಿಚ್ಚಿದೆ. ಖಾಕಿ ಚೌಕಗಳಲ್ಲಿ ನಾಲ್ಕು ಗಟ್ಟಿಯಾಗಿದ್ದವು. ಎರಡನ್ನು ಭುಜಗಳ ಮೇಲೆ ಎರಡನೆಯ ಪದರವಾಗಿ ಹಾಕಿದ್ದೇನೆ. ಎರಡನ್ನು ಸೇರಿಸಿ ಜೇಬು ಮಾಡಿದ್ದೇನೆ. ಹಳೆಯ ತೂತುಗಳು ಹಾಗೆಯೇ ಇವೆ, ಅವನ್ನು ಮುಚ್ಚಲು ಹೋಗಲಿಲ್ಲ.

ಜೇಬಿನೊಳಗೆ ಒಂದು ಬೆಂಕಿಪೊಟ್ಟಣ ಇದೆ. ಅದರ ಜೊತೆ ಮಡಿಸಿದ ಕಾಗದದಲ್ಲಿ ಐದು ಎಳೆ ಇಟ್ಟಿದ್ದೇನೆ. ಬಿಳಿ ಬಟ್ಟೆಯ ಉದ್ದದ್ದೊಂದು, ಅಡ್ಡದ್ದೊಂದು. ಖಾಕಿಯ ಉದ್ದದ್ದೊಂದು, ಅಡ್ಡದ್ದೊಂದು. ಹೊಲಿದ ದಾರ ಒಂದು. ಇವು ಈ ಅಂಗಿಯವೇ ಅಂತ ಹೇಗೆ ನಂಬುವುದು ಅನ್ನಿಸಿದರೆ ಅನ್ನಿಸಲಿ, ಅನ್ನಿಸಬೇಕು. ಅದಕ್ಕೇ ಕೆಳಗಿನ ಅಂಚನ್ನು ಒಂದು ಗೇಣು ಮಡಿಸದೆ ಬಿಟ್ಟಿದ್ದೇನೆ. ನೀನೇ ಅಲ್ಲಿಂದ ಎಳೆದು ತೆಗೆ, ಅಂಗಳದಲ್ಲಿ ಕೂತು ಸುಡು, ಬೂದಿಯನ್ನು ಬೆರಳಲ್ಲಿ ಉಜ್ಜು. ಅಕ್ಕ ಹೊಲಿದದ್ದು ಅಂತ ತೊಟ್ಟುಕೊಳ್ಳಬೇಡ. ಸುಟ್ಟು ನೋಡಿ, ನಿನ್ನ ಕಣ್ಣು ಒಪ್ಪಿದರೆ ತೊಟ್ಟುಕೊ. ಒಪ್ಪದಿದ್ದರೆ ಒಲೆಗೆ ಹಾಕು. ಒಪ್ಪಿದರೆ ಆ ಅಂಚನ್ನು ಮಡಿಸಿ ಹೊಲಿಯುವುದು ನಿನ್ನ ಕೆಲಸ. ನಿನ್ನ ಹೊಲಿಗೆ ಸೊಟ್ಟಗೇ ಬರುತ್ತದೆ, ಬರಲಿ.

ನೀನು ಕ್ಷಮಿಸುತ್ತೀಯಾ ಇಲ್ಲವಾ ಅಂತ ನಾನು ಕೇಳುವುದಿಲ್ಲ. ಫೋನ್ ಮಾಡು ಅಂತಲೂ ಹೇಳುವುದಿಲ್ಲ. ಅಮ್ಮನಿಗೆ ಈ ಪತ್ರ ಓದಿ ಹೇಳು. ಬೈಗುಳ ಬೀಳಬೇಕಾದವಳ ಮೇಲೆ ಬೀಳಲಿ.

ಇಪ್ಪತ್ತೈದನೆಯ ತಾರೀಕು ಏಣಿ ಹತ್ತುವಾಗ ನಿನ್ನ ಬಲಗೈಯನ್ನು ಒಂದು ಸಲ ನೋಡಿಕೊ. ಆರು ವರ್ಷ ಒಂದು ದಿನವೂ ತಪ್ಪದ ಕೈ ಅದು, ಆ ದಿನವೂ ತಪ್ಪಲಿಲ್ಲ. ಅದು ನಡುಗದಿರಲಿ. ನಿನ್ನ ಮೇಲೆ ಬೀಳುವ ಕಿಡಿಯೆಲ್ಲ ಅಂಗಿಯಲ್ಲೇ ಆರಲಿ. ನೀನು ಬೆಸೆದದ್ದು ಗಟ್ಟಿಯಾಗಿ ನಿಲ್ಲಲಿ.

ನಿನ್ನ ಮೈಮೇಲೆ ತನ್ನ ಸುಳ್ಳನ್ನು ಹದಿನೇಳು ದಿನ ಹೊರಿಸಿದ,
ನಿನ್ನ ಅಕ್ಕ